ಕೊಪ್ಪಳ ಇನ್ನೂ ಬಂದಿಲ್ಲಲ್ರಿ?

ಮೊನ್ನೆ ಭಾನುವಾರ ರಾತ್ರಿ ಒಂಬತ್ತು ದಾಟಿತ್ತು. ಊಟ ಮುಗಿಸಿ ಮರುದಿನದ ಪಲ್ಯಕ್ಕೆ ಹೆಸರುಕಾಳು ನೆನೆಹಾಕುತ್ತಿದ್ದೆ. ಫೋನ್ ಸದ್ದು ಮಾಡಿತು. ಕೈ ಒರೆಸಿಕೊಂಡು ನೋಡಿದರೆ ಒಂದೇ ಸಾಲು: "ಕೊಪ್ಪಳ ಇನ್ನೂ ಬಂದಿಲ್ಲಲ್ರಿ?"

ಇಲ್ಲಿ ಕೊಪ್ಪಳ ಅಂದರೆ ಊರಲ್ಲ, ನಾನು.

ನಮ್ಮದೊಂದು ವಾಟ್ಸಾಪ್ ಗುಂಪಿದೆ. ಹನ್ನೊಂದು ಮಂದಿ. ಎಲ್ಲರೂ ಚಿತ್ರ ಬರೆಯುವವರು. ಸೋಮವಾರದಿಂದ ಭಾನುವಾರ ರಾತ್ರಿಯೊಳಗೆ ಒಬ್ಬೊಬ್ಬರೂ ಒಂದು ಪುಟ ಬರೆದು ಹಾಕಬೇಕು. ಪೆನ್ನು, ಪೆನ್ಸಿಲ್, ಬಣ್ಣ ಏನಾದರೂ ನಡೆಯುತ್ತದೆ. ಕಣ್ಣಾರೆ ಕಂಡದ್ದನ್ನು ಬರೆಯಬೇಕು, ಫೋಟೊ ನೋಡಿ ಬರೆಯುವ ಹಾಗಿಲ್ಲ. ಪುಟದ ಕೆಳಗೆ ತಾರೀಖು ಮತ್ತು ಊರು ಹಾಕಬೇಕು ಅಂತ ಮೊದಲೇ ಮಾತಾಗಿತ್ತು. ಹಾಗೆ ಹಾಕುತ್ತಾ ಹಾಕುತ್ತಾ ಊರೇ ಹೆಸರಾಗಿ ಉಳಿದುಬಿಟ್ಟಿತು. ಸಿಂಧನೂರು ಅಕ್ಕ, ರಾಯಚೂರು ಅಣ್ಣ, ಹೊಸಪೇಟೆ ಸರ್, ಬಳ್ಳಾರಿ ತಂಗಿ. ಕೆಲವರ ನಿಜವಾದ ಹೆಸರು ನನಗೆ ತಿಳಿದದ್ದೇ ಎರಡು ವರ್ಷ ಆದಮೇಲೆ.

ಪುಟ ಬರಲಿಲ್ಲ ಅಂದರೆ ದಂಡ ಇಲ್ಲ. ಆದರೆ ಯಾರಾದರೂ ಒಬ್ಬರು ಕೇಳುತ್ತಾರೆ. ಆ ಒಂದು ಪ್ರಶ್ನೆಯಿಂದಲೇ ನಾನು ಐದು ವರ್ಷದಿಂದ ಬರೆಯುತ್ತಿದ್ದೇನೆ ಅಂದರೆ ನಂಬುತ್ತೀರಾ?

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಹುಡುಗಿಯಾಗಿದ್ದಾಗ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪರೀಕ್ಷೆ ಪಾಸು ಮಾಡಿದ್ದೆ. ಕ್ಯಾಮೆಲ್ ಬಣ್ಣದ ಡಬ್ಬಿ, ಎರಡು ಕುಂಚ, ಒಂದು ರಟ್ಟು. ಅಷ್ಟೇ ನನ್ನ ಆಸ್ತಿ. ಆಮೇಲೆ ಬಿ.ಇಡಿ., ನೌಕರಿ, ಮದುವೆ, ಮಗಳು. ಚಿತ್ರ ಬಿಡುತ್ತೇನೆ ಅಂತ ಯಾವ ದಿನವೂ ಅಂದುಕೊಂಡಿರಲಿಲ್ಲ. ಈ ದೀಪಾವಳಿ ಕಳೀಲಿ, ಈ ಪರೀಕ್ಷೆ ಮುಗೀಲಿ ಅಂದುಕೊಳ್ಳುತ್ತಲೇ ಹದಿನೆಂಟು ವರ್ಷ ಹೋಯಿತು. ಚಿತ್ರ ಬಿಟ್ಟುಹೋದ ಎಷ್ಟೋ ಹೆಣ್ಣುಮಕ್ಕಳ ಕಥೆ ಹೀಗೇ ಇರುತ್ತದೆ. ಬೇಡ ಅಂದವರು ಯಾರೂ ಇರುವುದಿಲ್ಲ. ಬೇಕು ಅಂದವರೂ ಇರುವುದಿಲ್ಲ.

2020ರಲ್ಲಿ ಶಾಲೆ ಮುಚ್ಚಿದಾಗ ಮಗಳ ಹಳೇ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಮತ್ತೆ ಶುರು ಮಾಡಿದೆ. ಮಗಳೇ ಇನ್‌ಸ್ಟಾಗ್ರಾಂ ಖಾತೆ ಮಾಡಿಕೊಟ್ಟಳು. ಹಂಪಿಯ ಕಲ್ಲಿನ ರಥವನ್ನು ಫೋಟೊ ನೋಡಿ ಬರೆದು ಹಾಕಿದೆ, ಜಾಸ್ತಿ ಜನ ಮೆಚ್ಚಿದರು. ನಮ್ಮ ಅಡುಗೆಮನೆಯ ಒರಳು ಬರೆದು ಹಾಕಿದೆ, ಯಾರೂ ಕಣ್ಣೆತ್ತಿ ನೋಡಲಿಲ್ಲ. ಆ ಒರಳನ್ನು ನಾನು ಮೂರು ದಿನ ಕೂತು ಬರೆದಿದ್ದೆ. ಅದರ ನಡುವಿನ ಗುಳಿ ಸವೆದು ನುಣ್ಣಗಾದದ್ದು, ಅಂಚು ಇನ್ನೂ ಒರಟಾಗಿ ಉಳಿದದ್ದು, ಎರಡನ್ನೂ ಕಾಣಿಸುವುದಕ್ಕೆ ಒದ್ದಾಡಿದ್ದೆ. ಮುಂದಿನ ವಾರ ನನ್ನ ಕೈ ತಾನಾಗೇ ಇನ್ನೊಂದು ಗುಡಿಯ ಗೋಪುರಕ್ಕೆ ಹೋಯಿತು. ಅದರ ಮುಂದಿನ ವಾರ ಗಣಪತಿ. ನಾಲ್ಕು ತಿಂಗಳಲ್ಲಿ ಬೇಸರ ಬಂತು. ಬರೆಯುವ ಖುಷಿ ಹೋಗಿ ಎಣಿಸುವ ಕೆಲಸ ಉಳಿದಿತ್ತು.

ಆಗ ನಮ್ಮ ಶಾಲೆಯ ಡ್ರಾಯಿಂಗ್ ಮಾಸ್ತರು ನನ್ನನ್ನು ಈ ಗುಂಪಿಗೆ ಸೇರಿಸಿದರು. ಮೊದಲು ನಲವತ್ತಕ್ಕೂ ಹೆಚ್ಚು ಜನ ಇದ್ದೆವು. ಶುಭೋದಯದ ಹೂವು, ಮುಂದಕ್ಕೆ ಕಳಿಸಿದ ವಿಡಿಯೊ, ಎಲ್ಲ ಬರುತ್ತಿದ್ದವು. ಲಾಕ್‌ಡೌನ್ ಮುಗಿದ ಮೇಲೆ ಒಬ್ಬೊಬ್ಬರೇ ಜಾರಿದರು. ಹನ್ನೊಂದಕ್ಕೆ ಬಂದು ನಿಂತಿತು. ಹನ್ನೊಂದು ಒಳ್ಳೆಯ ಸಂಖ್ಯೆ ಅಂತ ಈಗ ಅನಿಸುತ್ತದೆ. ಹನ್ನೊಂದು ಪುಟ ಒಂದು ರಾತ್ರಿಯಲ್ಲಿ ನೆಟ್ಟಗೆ ನೋಡಬಹುದು. ನಲವತ್ತು ನೋಡಲಾಗುವುದಿಲ್ಲ, ಬರೀ ಸರಿಸಬಹುದು.

ಗುಂಪಿನ ಎರಡನೇ ಕಟ್ಟಳೆ ಹಾಕಿದವರು ಸಿಂಧನೂರು ಅಕ್ಕ. ಹೆಬ್ಬೆರಳು, ಚಪ್ಪಾಳೆ, ಹೂವು ಯಾವುದೂ ಹಾಕಬಾರದು. ಹೇಳುವುದಿದ್ದರೆ ಪುಟದಲ್ಲಿ ಕಂಡ ಒಂದು ಸಂಗತಿ ಹೇಳಬೇಕು. ಸೂಪರ್ ಅನ್ನಬಾರದು. ಸೈಕಲ್ಲಿನ ಹಿಂದಿನ ಗಾಲಿ ಮುಂದಿನದಕ್ಕಿಂತ ಸಣ್ಣದಾಗಿದೆ ಅನ್ನಬಹುದು. ಮುದುಕನ ಪಟಗದ ಸುತ್ತು ಸರಿಯಾಗಿ ಕೂತಿದೆ ಅನ್ನಬಹುದು. ಮೊದಮೊದಲು ಇದು ಬಹಳ ಕಷ್ಟ ಆಯಿತು. ಹೊಗಳುವುದು ಸಲೀಸು. ನೋಡುವುದಕ್ಕೆ ಹೊತ್ತು ಬೇಕು.

ಇನ್ನು ನಮ್ಮ ಬಿಸಿಲಿನ ಮಾತು.

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಮಾಮೂಲು. ಜಲವರ್ಣಕ್ಕೆ ಇದು ದೊಡ್ಡ ತೊಂದರೆ. ಆಕಾಶ ಬರೆಯಬೇಕಾದರೆ ಹಾಳೆಯನ್ನು ಮೊದಲು ನೀರಿನಲ್ಲಿ ತೋಯಿಸಿ, ಹಸಿ ಇರುವಾಗಲೇ ಬಣ್ಣ ಬಿಡಬೇಕು. ಆಗ ಬಣ್ಣ ತಾನೇ ಹರಡಿಕೊಂಡು ಹೋಗುತ್ತದೆ, ಎಲ್ಲಿ ಶುರು ಎಲ್ಲಿ ಕೊನೆ ಗೊತ್ತಾಗುವುದಿಲ್ಲ. ನಮ್ಮಲ್ಲಿ ಕುಂಚ ಹಾಳೆಯ ಬಲಗಡೆ ಮುಟ್ಟುವಷ್ಟರಲ್ಲಿ ಎಡಗಡೆ ಒಣಗಿರುತ್ತದೆ. ಮತ್ತೆ ಹಾಕಿದ ಬಣ್ಣ ಗೆರೆ ಕಟ್ಟಿ ನಿಂತುಬಿಡುತ್ತದೆ. ಆಕಾಶ ಹರಿದ ಬಟ್ಟೆಗೆ ತೇಪೆ ಹಾಕಿದ ಹಾಗೆ ಕಾಣುತ್ತದೆ. ವಿಡಿಯೊಗಳಲ್ಲಿ ಕಲಿಸುವವರು ತಂಪು ದೇಶದವರು. ಅವರು ಹೇರ್ ಡ್ರೈಯರ್ ಹಿಡಿದು ಹಾಳೆ ಒಣಗಿಸುತ್ತಾರೆ. ಅವರ ಚಿಂತೆ ಒಣಗಲಿಲ್ಲ ಅನ್ನುವುದು. ನನ್ನದು ಒಣಗಿಹೋಯಿತು ಅನ್ನುವುದು. ಆ ವಿಡಿಯೊ ನೋಡಿದಷ್ಟೂ ನನ್ನ ಕೈಯೇ ಸರಿಯಿಲ್ಲ ಅನಿಸುತ್ತಿತ್ತು.

ಒಂದು ಮೇ ತಿಂಗಳ ಭಾನುವಾರ ಅಂಥ ಹಾಳಾದ ಆಕಾಶವನ್ನೇ ಗುಂಪಿಗೆ ಹಾಕಿದೆ. "ಇದು ನನ್ನ ಕೈಲಿ ಆಗೂದಿಲ್ಲ ಅನ್ಸುತ್ರಿ" ಅಂತ ಕೆಳಗೆ ಬರೆದೆ.

ಹತ್ತು ನಿಮಿಷದಲ್ಲಿ ಸಿಂಧನೂರು ಅಕ್ಕನ ಧ್ವನಿ ಬಂತು. "ತಂಗಿ, ಇದು ನಿನ್ನ ಕೈ ತಪ್ಪಲ್ಲವಾ, ಬಿಸಲಿನ ತಪ್ಪು. ನಸುಕಿನ್ಯಾಗ ಐದೂವರಿಗೆ ಕುಂದ್ರು. ಫ್ಯಾನ್ ಬಂದ್ ಮಾಡು." ಹೊಸಪೇಟೆ ಸರ್ ಹೇಳಿದರು, ಹಾಳೆಯ ಎರಡೂ ಕಡೆ ತೋಯಿಸ್ರಿ, ಒಂದು ಹಳೇ ಕಿಟಕಿ ಗಾಜಿನ ಮೇಲೆ ಅಂಟಿಸಿದ ಹಾಗೆ ಹಾಸ್ರಿ, ಕೆಳಗಿನ ನೀರು ಹಾಳೆಯನ್ನು ಹಸಿಯಾಗಿ ಇಟ್ಟುಕೊಳ್ಳುತ್ತದೆ. ಬಳ್ಳಾರಿ ತಂಗಿ ಮೆಡಿಕಲ್ ಶಾಪಿನಲ್ಲಿ ಸಿಗುವ ಗ್ಲಿಸರಿನ್ ಹೇಳಿಕೊಟ್ಟಳು. ಬಟ್ಟಲು ನೀರಿಗೆ ಎರಡೇ ಹನಿ. ಜಾಸ್ತಿಯಾದರೆ ಬಣ್ಣ ಅಂಟಂಟಾಗಿ ಎಂದೂ ಒಣಗುವುದಿಲ್ಲ ಅಂತ ಎಚ್ಚರಿಕೆಯನ್ನೂ ಕೊಟ್ಟಳು.

ಮರುದಿನ ನಸುಕಿನಲ್ಲಿ ಮಾಳಿಗೆ ಹತ್ತಿದೆ. 300 ಜಿಎಸ್‌ಎಂ ದಪ್ಪ ಹಾಳೆ, ಹಿಂದೂ ಮುಂದೂ ತೋಯಿಸಿ ಗಾಜಿನ ಮೇಲೆ ಹಾಸಿದೆ. ಹಾಳೆ ಗಾಜಿಗೆ ಒದ್ದೆ ಸೀರೆ ಮೈಗೆ ಅಂಟಿದ ಹಾಗೆ ಅಂಟಿತು. ನೀಲಿ ಬಿಟ್ಟೆ. ನೀಲಿ ನಿಧಾನವಾಗಿ ಇಳಿಯಿತು. ಕೆಳಗೆ ತುಸು ಹಳದಿ, ತುಸು ಕೆಂಪು. ಕೋಟೆಯ ಗುಡ್ಡದ ಹಿಂದೆ ಬೆಳಕು ಬರುತ್ತಿತ್ತು. ಎರಡೂ ಬಣ್ಣ ನಡುವೆ ಎಲ್ಲೋ ಸೇರಿಕೊಂಡವು. ಗೆರೆ ಬೀಳಲಿಲ್ಲ. ನಾನು ಅಲ್ಲೇ ಕೂತು ಅತ್ತೆ. ಆಕಾಶ ಚೆನ್ನಾಗಿ ಬಂತು ಅಂತ ಅಲ್ಲ. ಒಬ್ಬಳೇ ಇದ್ದಿದ್ದರೆ ಹಿಂದಿನ ದಿನವೇ ಬಣ್ಣದ ಡಬ್ಬಿ ಅಟ್ಟ ಸೇರಿ ಇನ್ನೂ ಹದಿನೆಂಟು ವರ್ಷ ಅಲ್ಲೇ ಇರುತ್ತಿತ್ತಲ್ಲ, ಅದಕ್ಕೆ.

ಕಲ್ಲಿನ ಬಣ್ಣವನ್ನು ಕಲಿಸಿದವಳೂ ಬಳ್ಳಾರಿ ತಂಗಿ. ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ನಮ್ಮ ಸುತ್ತಮುತ್ತ ಕಣ್ಣು ಹಾಯಿಸಿದಲ್ಲೆಲ್ಲ ಬಂಡೆ ಅಲ್ವಾ? ಗವಿಮಠದ ಬೆಟ್ಟ, ಪಾಲ್ಕಿಗುಂಡು, ಗಂಗಾವತಿ ದಾರಿಯುದ್ದಕ್ಕೂ ಗುಂಡುಗಲ್ಲಿನ ರಾಶಿ. ಗವಿಮಠ ಮತ್ತು ಪಾಲ್ಕಿಗುಂಡಿನ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಹಿರೇಬೆಣಕಲ್ಲಿನ ಗುಡ್ಡದಲ್ಲಿ ಆದಿಮಾನವರು ಕೆಂಪು ಕಾವಿಯಲ್ಲಿ ಬರೆದ ಚಿತ್ರಗಳಿವೆ. ಇಷ್ಟು ಕಲ್ಲಿನ ನಡುವೆ ಇದ್ದೂ ನಾನು ಕಲ್ಲಿಗೆ ಕಪ್ಪು ಮತ್ತು ಬಿಳಿ ಬೆರೆಸಿದ ಬೂದು ಹಚ್ಚುತ್ತಿದ್ದೆ. ಕಲ್ಲು ಸಿಮೆಂಟಿನ ಹಾಗೆ ಕಾಣುತ್ತಿತ್ತು. ತಂಗಿ ಬರೆದಳು: "ಅಕ್ಕಾರ, ಕಪ್ಪು ತಗದು ಇಡ್ರಿ. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನಾ ಕೂಡಿಸ್ರಿ. ನೆಳ್ಳಿನ ಕಡಿ ನೀಲಿ ಜಾಸ್ತಿ, ಬಿಸಲಿನ ಕಡಿ ಕಂದು ಜಾಸ್ತಿ."

ಮಾಡಿ ನೋಡಿದೆ. ನೀಲಿ ಮತ್ತು ಕಂದು ಸೇರಿ ಬೂದಾಯಿತು, ಆದರೆ ಸತ್ತ ಬೂದಲ್ಲ. ಅಲ್ಟ್ರಾಮರೀನ್‌ಗೆ ಒಂದು ಗುಣವಿದೆ. ಒಣಗುವಾಗ ಅದರ ಕಣಗಳು ಒರಟು ಹಾಳೆಯ ಸಣ್ಣ ಸಣ್ಣ ಕುಳಿಗಳಲ್ಲಿ ಇಳಿದು ಕೂರುತ್ತವೆ. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದರೆ ಚುಕ್ಕಿ ಚುಕ್ಕಿ ಕಾಣುತ್ತದೆ. ನಮ್ಮ ಬಂಡೆಯ ಮೈಯೂ ಹಾಗೇ ಇದೆ. ನಲವತ್ತು ವರ್ಷ ಅದೇ ಬೆಟ್ಟ ನೋಡಿಕೊಂಡು ಬದುಕಿದ್ದೆ. ಸಂಜೆ ಐದರ ನಂತರ ಅದು ಬೂದು ಅಲ್ಲವೇ ಅಲ್ಲ, ನಸುಗೆಂಪು ಅಂತ ನೋಡಿದ್ದು ಆ ವಾರ.

ರಾಯಚೂರು ಅಣ್ಣನ ಬಗ್ಗೆ ಹೇಳಲೇಬೇಕು. ಅವರು ಅಂಗಡಿ ಬೋರ್ಡು, ಗೋಡೆ ಬರಹ ಬರೆಯುತ್ತಿದ್ದ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಕುಸಿಯಿತು. ಗುಂಪಿಗೆ ಬಂದಾಗ "ನಾನು ಕಲಾವಿದ ಅಲ್ರಿ, ಪೇಂಟರ್" ಅಂತ ಹಿಂದೆ ನಿಲ್ಲುತ್ತಿದ್ದರು. ಒಂದು ವಾರ ಅವರು ಒಂದೇ ಅಕ್ಷರ ಬರೆದು ಹಾಕಿದರು. ಅಗಲ ಕುಂಚದಲ್ಲಿ ಬರೆದ "ಕ". ತಲೆಕಟ್ಟಿನಿಂದ ಇಳಿದು, ಹೊಟ್ಟೆ ತಿರುಗಿ, ಕುಂಚವನ್ನು ಬೆರಳಲ್ಲೇ ಹೊರಳಿಸಿ ಬಾಲಕ್ಕೆ ತಂದು ಎತ್ತಿದ್ದು ಪೂರ್ತಿ ಕಾಣುತ್ತಿತ್ತು. ಆ ರಾತ್ರಿ ಯಾರೂ ಬೇರೆ ಪುಟದ ಬಗ್ಗೆ ಮಾತಾಡಲಿಲ್ಲ. ಮುಂದಿನ ಎರಡು ತಿಂಗಳು ಅವರು ನಮಗೆಲ್ಲ ಅಕ್ಷರ ಕಲಿಸಿದರು, ದಿನಕ್ಕೊಂದು ಸಣ್ಣ ವಿಡಿಯೊ. ಹೊಸಪೇಟೆ ಸರ್ ತಮ್ಮ ಪರಿಚಯದ ಎರಡು ಶಾಲೆಗಳ ಗೋಡೆ ಬರೆಯುವ ಕೆಲಸ ಅವರಿಗೆ ಕೊಡಿಸಿದರು. ಗುಂಪಿನಲ್ಲಿ ಮಾರಾಟದ ಮಾತು ಬೇಡ ಅಂತ ನಮ್ಮಲ್ಲಿ ಕೆಲವರು ಪಟ್ಟು ಹಿಡಿದಿದ್ದರು. ನಾನೂ ಹಿಡಿದಿದ್ದೆ. ಅಣ್ಣನ ವಿಷಯ ನೋಡಿದ ಮೇಲೆ ಬಿಟ್ಟೆ. ಸಂಬಳ ಬರುವವರಿಗೆ ಹಾಗೆ ಹೇಳುವುದು ಸುಲಭ. ಕುಂಚದಿಂದಲೇ ಹೊಟ್ಟೆ ತುಂಬಬೇಕಾದವರ ಜೊತೆ ಕುಂಚದ ಮಾತಾಡಿ ಅನ್ನದ ಮಾತು ಬೇಡ ಅಂದರೆ ಅದು ಎಂಥ ಗೆಳೆತನ?

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಗುಂಪಿನಲ್ಲಿ ಮಾತು ಕಡಿಮೆ ಇತ್ತು. ನಮ್ಮೆಲ್ಲರ ಊಟ ಆ ನೀರಿನಿಂದಲೇ ಬರುವುದು. ಸಿಂಧನೂರು ಅಕ್ಕ ಗದ್ದೆ ಬದುವಿನ ಮೇಲೆ ಕೂತು ಕಾಲುವೆ ಬರೆದರು, ಬರೀ ಪೆನ್ಸಿಲ್. ಹೊಸಪೇಟೆ ಸರ್ ಅಣೆಕಟ್ಟಿನ 33 ಗೇಟುಗಳನ್ನು ಸಾಲಾಗಿ ಬರೆದು ಬಣ್ಣ ತುಂಬಿ, 19ನೆಯ ಜಾಗವನ್ನು ಖಾಲಿ ಬಿಟ್ಟಿದ್ದರು. ಬಿಳಿ ಹಾಳೆ ಹಾಗೇ ಕಾಣುತ್ತಿತ್ತು. ಟಿವಿಯಲ್ಲಿ ಇಡೀ ದಿನ ನೋಡಿದ್ದು ನನಗೆ ಆ ಬಿಳಿ ಜಾಗದಲ್ಲಿ ಅರ್ಥವಾಯಿತು.

ಅದರ ಮುಂದಿನ ವರ್ಷ ಅವ್ವ ಹಾಸಿಗೆ ಹಿಡಿದಳು. ಶಾಲೆ, ಆಸ್ಪತ್ರೆ, ಮನೆ. ನಾನು ಪುಟ ಹಾಕುವುದು ನಿಂತಿತು. ಒಂದು ವಾರ, ಎರಡು ವಾರ. ಮೂರನೇ ಭಾನುವಾರ ಯಾರೋ ಕೇಳಿದರು, ನಾನು ವಿಷಯ ಹೇಳಿದೆ. ಅವತ್ತಿನಿಂದ ಯಾರೂ ಪುಟ ಕೇಳಲಿಲ್ಲ. ಆದರೆ ಸಿಂಧನೂರು ಅಕ್ಕ ಪ್ರತಿ ಭಾನುವಾರ ನನಗೆ ಮಾತ್ರ ತಮ್ಮ ಒಂದು ಪುಟ ಕಳಿಸುತ್ತಿದ್ದರು. ಜೊತೆಗೆ ಒಂದೇ ಮಾತು: "ಏನೂ ಬರಿಬ್ಯಾಡ. ಸುಮ್ನೆ ನೋಡು." ಬದನೆಕಾಯಿ, ಎಮ್ಮೆಯ ಕಿವಿ, ಮೊಮ್ಮಗನ ಚಪ್ಪಲಿ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ನಾನು ಅವನ್ನು ನೋಡುತ್ತಿದ್ದೆ. ಉತ್ತರ ಕೊಡುತ್ತಿರಲಿಲ್ಲ. ಅವರು ಬೇಸರ ಮಾಡಿಕೊಳ್ಳಲೂ ಇಲ್ಲ, ನಿಲ್ಲಿಸಲೂ ಇಲ್ಲ. ಹೀಗೆ ಐದು ತಿಂಗಳು.

ಒಂದು ಮಧ್ಯಾಹ್ನ ಅವ್ವ ಮಲಗಿದ್ದಳು. ನನ್ನ ಚೀಲದಲ್ಲಿ ಪರೀಕ್ಷೆ ಪೇಪರು ತಿದ್ದುವ ಕೆಂಪು ಬಾಲ್‌ಪೆನ್ ಇತ್ತು, ಔಷಧಿ ಚೀಟಿ ಇತ್ತು. ಚೀಟಿಯ ಹಿಂದೆ ಅವ್ವನ ಕೈ ಬರೆದೆ. ಸಲೈನ್ ಸೂಜಿ ಹಾಕಿದ ಕೈ. ಹೊರಕ್ಕೆ ಎದ್ದು ಕಾಣುವ ನರ, ಬೆಳ್ಳಿ ಉಂಗುರ ಸಡಿಲಾಗಿ ಗೆಣ್ಣಿನ ಹತ್ತಿರ ಜಾರಿದ್ದು, ಸೂಜಿಯ ಮೇಲಿನ ಬಿಳಿ ಟೇಪು. ಇಪ್ಪತ್ತು ನಿಮಿಷ ಬರೆದೆ. ಆ ಇಪ್ಪತ್ತು ನಿಮಿಷ ನನಗೆ ಭಯ ಆಗಲಿಲ್ಲ. ತಾರೀಖು, ಊರು ಹಾಕಿ ಗುಂಪಿಗೆ ಕಳಿಸಿದೆ.

ಬಹಳ ಹೊತ್ತು ಯಾರೂ ಏನೂ ಹೇಳಲಿಲ್ಲ. ಆಮೇಲೆ ರಾಯಚೂರು ಅಣ್ಣ ಬರೆದರು: "ಟೇಪಿನ ಅಂಚು ಒಂದು ಮೂಲಿಗೆ ಎದ್ದೈತ್ರಿ. ಅದು ಸುದ್ದಾ ಕಾಣ್ತೈತಿ." ಗುಣವಾಗಲಿ, ದೇವರಿದ್ದಾನೆ ಅಂತ ಬೇರೆಯವರೆಲ್ಲ ಹೇಳಿದ್ದರು, ಅವರೆಲ್ಲರ ಮೇಲೆ ನನಗೆ ಪ್ರೀತಿ ಇದೆ. ಆದರೆ ಅವ್ವನ ಕೈ ಮೇಲಿನ ಟೇಪು ಒಂದು ಮೂಲೆಯಲ್ಲಿ ಎದ್ದಿದೆ ಅಂತ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ ಕೂತ ಒಬ್ಬರು ನೋಡಿದರಲ್ಲ, ಆ ಕ್ಷಣಕ್ಕೆ ನಾನು ಆ ವಾರ್ಡಿನಲ್ಲಿ ಒಬ್ಬಳೇ ಇರಲಿಲ್ಲ. ನಾನು ಎದ್ದು ಹೋಗಿ ನರ್ಸಮ್ಮನಿಗೆ ಹೇಳಿ ಟೇಪು ಬದಲಿಸಿದೆ. ಅವ್ವ ಈಗ ಮನೆಯಲ್ಲಿದ್ದಾಳೆ, ಕೋಲು ಹಿಡಿದು ಓಡಾಡುತ್ತಾಳೆ.

ಇದೇ ಕೊಪ್ಪಳ ತಾಲೂಕಿನಲ್ಲೇ ಕಿನ್ನಾಳ ಇದೆ. ಬಣ್ಣದ ಮರದ ಗೊಂಬೆಗಳ ಊರು. ಅಲ್ಲಿ ಚಿತ್ರಗಾರರ ಮನೆಗಳಿಗೆ ಒಮ್ಮೆ ಹೋಗಿದ್ದೆ. ಹಗುರವಾದ ಮರದಲ್ಲಿ ಗೊಂಬೆ ಕೆತ್ತುತ್ತಾರೆ. ಕೈಕಾಲು ಜೋಡಿಸಿದ ಸಂದುಗಳಿಗೆ ಹುಣಸೆ ಬೀಜದ ಅಂಟು, ಮರದ ಪುಡಿ, ಸೆಣಬಿನ ಚೂರು ಕಲಸಿದ ಕಿಟ್ಟ ಮೆತ್ತುತ್ತಾರೆ. ಅದರ ಮೇಲೆ ಬಟ್ಟೆ, ಬಿಳಿ, ಆಮೇಲೆ ಬಣ್ಣ. ನಾನು ಹೋದ ಮನೆಯಲ್ಲಿ ಒಬ್ಬರು ಕೆತ್ತುತ್ತಿದ್ದರು, ಇನ್ನೊಬ್ಬರು ಅಂಟು ಕಲಸುತ್ತಿದ್ದರು, ಸೊಸೆ ಗರುಡನ ರೆಕ್ಕೆಗೆ ಹಸಿರು ಹಚ್ಚುತ್ತಿದ್ದಳು. ಎದುರು ಮನೆಯ ಅಜ್ಜ ಬೀಡಿ ಹಚ್ಚಲು ಬಂದವರು ನಿಂತು ನೋಡಿ, "ಮೂಗು ಜರಾ ಮೊಂಡ ಆತಲ್ಲಪಾ" ಅಂದು ಹೋದರು. ಕೆತ್ತುವವರು ಉಳಿ ತೆಗೆದುಕೊಂಡು ಮೂಗು ತಿದ್ದಿದರು.

ಅಜ್ಜನ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಕಲೆ ಅಂದರೆ ಒಬ್ಬರೇ ಕೋಣೆಯಲ್ಲಿ ಕೂತು ಮಾಡುವುದು ಅಂತ ನಾನು ಎಲ್ಲಿಂದಲೋ ಕಲಿತಿದ್ದೆ. ಕಿನ್ನಾಳದಲ್ಲಿ ಅದು ಓಣಿಯ ಕೆಲಸ. ಹಾದುಹೋಗುವವರಿಗೂ ಮೂಗು ಹೇಗಿರಬೇಕು ಗೊತ್ತು. ನಾನು ಅಂಥ ಓಣಿಯಲ್ಲಿ ಹುಟ್ಟಲಿಲ್ಲ. ನಮ್ಮ ಓಣಿಯಲ್ಲಿ ಯಾರೂ ಚಿತ್ರ ಬರೆಯುವುದಿಲ್ಲ. ಹಾಗಾಗಿ ಫೋನಿನಲ್ಲಿ ಒಂದು ಓಣಿ ಕಟ್ಟಿಕೊಂಡೆವು. ಹನ್ನೊಂದು ಮನೆ, ನಡುವೆ ಬಸ್ಸಿನ ದಾರಿ.

ದೂರದ ದೇಶಗಳಲ್ಲೂ ಹೀಗೆ ಕಟ್ಟಿಕೊಂಡವರಿದ್ದಾರೆ. ಅಮೆರಿಕದ ಸಿಯಾಟಲ್‌ನಲ್ಲಿ ಪತ್ರಿಕೆಯೊಂದಕ್ಕೆ ಚಿತ್ರ ಬರೆಯುತ್ತಿದ್ದ ಗೇಬ್ರಿಯಲ್ ಕ್ಯಾಂಪನಾರಿಯೊ 2007ರಲ್ಲಿ ಆನ್‌ಲೈನ್‌ನಲ್ಲಿ ಶುರು ಮಾಡಿದ ಅರ್ಬನ್ ಸ್ಕೆಚರ್ಸ್ ಬಳಗ ಈಗ ದೇಶದೇಶಗಳಿಗೆ ಹಬ್ಬಿದೆ. ಇದ್ದ ಜಾಗದಲ್ಲೇ ಕೂತು, ಕಂಡದ್ದನ್ನೇ ಬರೆಯಬೇಕು, ಒಬ್ಬರಿಗೊಬ್ಬರು ಬೆಂಬಲವಾಗಿ ಜೊತೆಗೆ ಬರೆಯಬೇಕು ಅನ್ನುವುದು ಅವರ ಕಟ್ಟಳೆಗಳಲ್ಲಿ ಸೇರಿದೆ. ಹೊಸಪೇಟೆ ಸರ್ ಇದನ್ನು ಓದಿ ಹೇಳಿದಾಗ ಸಿಂಧನೂರು ಅಕ್ಕ, "ನಮ್ಮಂಗ ಅದಾರಲ್ಲ!" ಅಂತ ಖುಷಿಪಟ್ಟರು.

ಕಳೆದ ಡಿಸೆಂಬರ್‌ನಲ್ಲಿ ಮೊದಲ ಸಲ ಎದುರುಬದುರು ಸೇರಿದೆವು. ಕುಕನೂರು ಹತ್ತಿರದ ಇಟಗಿಯ ಮಹಾದೇವ ದೇವಾಲಯದಲ್ಲಿ. 1112ರಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ದೇವಾಲಯ ಚಕ್ರವರ್ತಿ ಅಂತ ಅಲ್ಲಿನ ಶಾಸನವೇ ಕರೆದಿದೆ. ಏಳು ಜನ ಬಂದಿದ್ದೆವು. ಮೊದಲ ಅರ್ಧ ಗಂಟೆ ಯಾರಿಗೂ ಮಾತೇ ಬರಲಿಲ್ಲ. ಐದು ವರ್ಷ ಒಬ್ಬರ ಅಡುಗೆಮನೆಯ ಒರಳು, ಚಪ್ಪಲಿ, ಔಷಧಿ ಬಾಟಲಿ ಎಲ್ಲ ನೋಡಿದ್ದೇವೆ, ಮುಖ ಮಾತ್ರ ಹೊಸದು. ಸಿಂಧನೂರು ಅಕ್ಕ ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ. ತಿನ್ನುತ್ತಾ ಮಾತು ಬಂತು.

ಆಮೇಲೆ ಏಳು ಜನ ಏಳು ಕಡೆ ಕೂತೆವು. ನಾನು ಮಂಟಪದ ಒಂದು ಕಂಬದ ಎದುರು ಕೂತೆ. ಚರಕಿಯಲ್ಲಿ ತಿರುಗಿಸಿ ಕಡೆದ ಹಾಗೆ ದುಂಡಗೆ, ನುಣ್ಣಗೆ ಇದ್ದ ಕಂಬ. ನನ್ನ ಗೆರೆ ಎರಡು ಸಲ ಓರೆ ಹೋಯಿತು. ಯಾರೋ ಬಂದು ಹಿಂದೆ ನಿಂತದ್ದು ನೆರಳಿನಿಂದ ಗೊತ್ತಾಯಿತು. ರಾಯಚೂರು ಅಣ್ಣ. ಏನೂ ಹೇಳಲಿಲ್ಲ. ಚೀಲದಿಂದ ಒಂದು ಕೋಲು ತೆಗೆದು ಕೊಟ್ಟರು. ಬೋರ್ಡು ಬರೆಯುವಾಗ ಕೈ ಅಲುಗದಂತೆ ಊರಿಕೊಳ್ಳುವ ಕೋಲು, ತುದಿಗೆ ಬಟ್ಟೆ ಸುತ್ತಿದ್ದು, ಹಿಡಿಯುವಲ್ಲಿ ಸವೆದು ಹೊಳೆಯುತ್ತಿತ್ತು. ಅದರ ಮೇಲೆ ಮುಂಗೈ ಇಟ್ಟು ಮತ್ತೆ ಗೆರೆ ಎಳೆದೆ. ನೆಟ್ಟಗೆ ಬಂತು. ಕೋಲು ವಾಪಸ್ ಕೊಡಲು ಹೋದರೆ, "ಇರ್ಲಿ ತಂಗಿ, ನನ್ನ ಕಡೆ ಇನ್ನೊಂದೈತಿ" ಅಂದರು.

ಮೊನ್ನೆ ಭಾನುವಾರ ರಾತ್ರಿ ಆ ಕೋಲು ನನ್ನ ಮೇಜಿನ ಮೇಲೇ ಇತ್ತು. ಏನು ಬರೆಯಲಿ ಅಂತ ಹೊಳೆಯಲಿಲ್ಲ. ಕಟ್ಟೆಯ ಮೇಲೆ ನೀರಿನಲ್ಲಿ ಮುಳುಗಿದ ಹೆಸರುಕಾಳಿನ ತಪ್ಪೇಲಿ ಇತ್ತು, ಪಕ್ಕದಲ್ಲಿ ಸೌಟು. ಕೆಲವು ಕಾಳು ಆಗಲೇ ಉಬ್ಬಿ ಮೇಲೆ ಬಂದಿದ್ದವು. ಅವನ್ನೇ ಬರೆದೆ. ಹತ್ತೂಕಾಲಿಗೆ ತಾರೀಖು, ಊರು ಹಾಕಿ ಕಳಿಸಿದೆ.

ಎರಡು ನಿಮಿಷಕ್ಕೆ ಸಿಂಧನೂರು ಅಕ್ಕನ ಮಾತು ಬಂತು.

"ಬಂತು. ಕಾಳು ನೀರಾಗ ಅದಾವು ಅಂತ ಗೊತ್ತಾಗ್ತೈತಿ. ಸೌಟಿನ ಹಿಡಿಕಿ ಜರಾ ದಪ್ಪ ಆತು ನೋಡು. ಮಕ್ಕೊ ಇನ್ನ."